ನಲವತ್ತೆಂಟು ಬಾಕ್ಸ್‌ಗಳಿಗೆ ಕೇಳಿಸದ ಶಿಳ್ಳೆ

ಮೊಂತೆಫ್ರಾಸ್ಸಿನೊ
೬ ಮಾರ್ಚ್ ೧೯೯೪

ಪ್ರೀತಿಯ ಮಾಯೆಸ್ತ್ರಾ ಎರ್ಸಿಲಿಯಾ ಅವರಿಗೆ,

ನಿಮ್ಮ ಸಾಂತ್ವನದ ಪತ್ರವನ್ನು ಅಪ್ಪನ ಫೋಟೋದ ಕೆಳಗೆ ಇಟ್ಟಿದ್ದೇನೆ. ಅವರು ಹೋಗಿ ಆರು ವಾರವಾಯಿತು. ಮಣ್ಣು ಮಾಡುವಾಗ ಊರಿನವರು ಬಂದಿದ್ದರು. ಆದರೆ ಗೋಡೆಯ ಬದಿಗೆ ಸರಿದು ನಿಂತಿದ್ದರು. ಇಪ್ಪತ್ತಾರು ವರ್ಷಗಳಿಂದ ಅಪ್ಪನ ಪಕ್ಕದಲ್ಲಿ ಅವರು ನಿಲ್ಲುತ್ತಿದ್ದುದೇ ಹಾಗೆ.

ಇಂದು ಬರೆಯುತ್ತಿರುವುದು ಬೇರೆ ಸುದ್ದಿ. ನಮ್ಮ ಕೊಸ್ತಾನ್ಸಾ ರಂಗಮಂದಿರದ ರಿಪೇರಿ ಮುಗಿದಿದೆ. ಮೇ ಇಪ್ಪತ್ತೆಂಟರಂದು ಬಾಗಿಲು ತೆಗೆಯುತ್ತಾರೆ. ನಾಟಕ ಸದ್ಯಕ್ಕಿಲ್ಲ. ಶನಿವಾರ ಮೂರು ಗಂಟೆಗೆ ಪ್ರವಾಸಿಗರನ್ನು ಕರೆದೊಯ್ದು ಒಳಗೆಲ್ಲ ತೋರಿಸಿ ವಿವರಿಸಬೇಕು. ಆ ಗೈಡ್ ಕೆಲಸ ನನ್ನ ಪಾಲಿಗೆ ಬಂದಿದೆ.

ಬಾಕ್ಸ್ ಮಾಲೀಕರ ಸಂಘಕ್ಕೆ ಈಗ ನೋಟರಿ ಗ್ವಾಲ್ತಿಯೆರೊ ಸ್ಪದೋನಿ ಅಧ್ಯಕ್ಷ. ಗೋಡೆಯ ಸುತ್ತ ಅಂತಸ್ತು ಅಂತಸ್ತಾಗಿ ನಲವತ್ತೆಂಟು ಬಾಕ್ಸ್ ಕೋಣೆ, ನಲವತ್ತೆಂಟು ಮನೆತನ, ಒಂದೊಂದಕ್ಕೂ ಅವರವರದೇ ಬೀಗದ ಕೈ. ನೀವಿದ್ದಾಗ ಹೇಗಿತ್ತೋ ಈಗಲೂ ಹಾಗೆಯೇ. ತನ್ನ ಕಚೇರಿಗೆ ಕರೆಸಿ ಟೈಪ್ ಮಾಡಿದ ನಾಲ್ಕು ಪುಟ ಕೊಟ್ಟ.

"ಬಾಯಿಪಾಠ ಮಾಡ್ಕೊಳಮ್ಮ. ಒಂದಕ್ಷರ ಆಚೆ ಈಚೆ ಆಗಬಾರ್ದು."

ಮೂರನೆಯ ಪುಟದಲ್ಲಿ ಈ ವಾಕ್ಯವಿದೆ: 'ಸಾವಿರದ ಒಂಬೈನೂರ ಅರವತ್ತೆಂಟರ ಕಾರ್ನಿವಲ್ ಕಾಲದಲ್ಲಿ, ಕುಡಿದಿದ್ದ ಕೆಲಸಗಾರನೊಬ್ಬನ ಅಜಾಗರೂಕತೆಯಿಂದ ಯುವನಟನೊಬ್ಬ ಮರಣ ಹೊಂದಿದ್ದರಿಂದ ರಂಗಮಂದಿರವನ್ನು ಮುಚ್ಚಲಾಯಿತು.'

ಆ ಕೆಲಸಗಾರ ನನ್ನ ಅಪ್ಪ ದೇಲಿಯೊ ಎಂಬುದು ಸ್ಪದೋನಿಗೆ ಗೊತ್ತಿಲ್ಲವೇ? ಗೊತ್ತಿದ್ದೇ ಕೊಟ್ಟಿದ್ದಾನೆ. ಆದರೂ ನಾನು ಒಪ್ಪಿಕೊಂಡೆ. ಈ ಕೆಲಸದಿಂದ ನನಗೆ ಬಾಗಿಲಿನ ಕೀಲಿಕೈ ಸಿಗುತ್ತದೆ.

ಅಪ್ಪ ಬದುಕಿನುದ್ದಕ್ಕೂ ಆ ಸಂಜೆಯ ಬಗ್ಗೆ ಹೇಳಿದ್ದು ಎರಡೇ ಮಾತು: "ಶಿಳ್ಳೆ ಬಂತು. ಬಿಟ್ಟೆ." ರಂಗದ ನೆತ್ತಿಯ ಅಟ್ಟದಲ್ಲಿ ಪರದೆಯ ಹಗ್ಗ ಹಿಡಿದವನಿಗೆ ಕೆಳಗಿನ ರಂಗ ಕಾಣುವುದಿಲ್ಲ. ಕೆಂಪು ದೀಪ ಹತ್ತಿದರೆ ಸೀನಿನ ಪರದೆ ಇಳಿಸಬೇಕು. ಈ ದೀಪಗಳನ್ನು ಹಾಕಿಸುವ ಮೊದಲಿನ ಕಾಲದಲ್ಲಿ ಅದಕ್ಕೆ ಶಿಳ್ಳೆಯಿತ್ತು. ಅಂದು ದೀಪ ಕೆಟ್ಟಿತ್ತು, ಶಿಳ್ಳೆ ಬಂತು ಎಂದು ಅಪ್ಪ ಕೋರ್ಟಿನಲ್ಲಿ ಹೇಳಿದರು. ಕಡಲು ಬಿಡಿಸಿದ್ದ ಪರದೆಯ ತೊಲೆ ಆ ನಟನ, ಬೇಕರಿಯವರ ಮಗ ಇವೊನ, ತಲೆಯ ಮೇಲೆ ಇಳಿದಿತ್ತು. ದೀಪ ಸರಿಯಿತ್ತು, ದೇಲಿಯೊ ತೊಂಬೊಲಿನಿಯ ಬಾಯಿ ಮಿಸ್ತ್ರಾ ಸಾರಾಯಿಯ ವಾಸನೆ ಹೊಡೆಯುತ್ತಿತ್ತು ಎಂದು ಪ್ರಮಾಣ ಮಾಡಿದವನು ಇದೇ ಸ್ಪದೋನಿ. ನಲವತ್ತೆಂಟು ಬಾಕ್ಸ್‌ನವರನ್ನೂ ನ್ಯಾಯಾಧೀಶರು ಶಿಳ್ಳೆಯ ಬಗ್ಗೆ ಕೇಳಿದರು. ನಲವತ್ತೆಂಟು ಸಲವೂ ಉತ್ತರ ಒಂದೇ: "ಕೇಳಿಸಲಿಲ್ಲ." ನಿಮ್ಮನ್ನೂ ಕೇಳಿದ್ದರು. ರಂಗದ ಅಂಚಿನ ಪ್ರಾಂಪ್ಟರ್ ಗುಂಡಿಯೊಳಗೆ, ನಟರಿಗೆ ಮಾತು ಎತ್ತಿಕೊಡಲು ಪುಸ್ತಕಕ್ಕೆ ಮೂಗು ತಾಗಿಸಿ ಕುಳಿತಿದ್ದ ನಿಮಗೆ ಹೇಗೆ ತಾನೇ ಕೇಳಿಸೀತು!

ಅಪ್ಪನಿಗೆ ಎರಡು ವರ್ಷ ಜೈಲು. ಆಮೇಲೆ ಸಾಯುವವರೆಗೆ ಇಟ್ಟಿಗೆ ಗೂಡಿನ ಕೆಲಸ. ಮಾಯೆಸ್ತ್ರಾ, ಆ ವಾಕ್ಯವನ್ನು ನಾನು ಅಳಿಸಬೇಕು. ಬರೆದವನ ಕೈಯಿಂದಲೇ ಅಳಿಸಿಸಬೇಕು. ಹನ್ನೊಂದು ವರ್ಷ ಆ ರಂಗದಲ್ಲಿ ಪ್ರಾಂಪ್ಟರ್ ಆಗಿದ್ದವರು ನೀವು. ನಾಲ್ಕು ಪುಟವನ್ನೂ ನಾನೇ ಸೇರಿಸಿದ ಒಂದು ಪ್ಯಾರಾವನ್ನೂ ಕಳಿಸುತ್ತಿದ್ದೇನೆ. ಒಂದನೆಯ ತರಗತಿಯಲ್ಲಿ ಟೀಚರಾಗಿ ನನ್ನ ಕಾಪಿ ಪುಸ್ತಕ ತಿದ್ದಿದಂತೆ ತಿದ್ದಿಕೊಡಿ.

ನಿನ್ನೆ ಹಳೆಯ ಶಾಲೆಯ ಮುಂದೆ ಹಾದುಹೋದೆ. ಬಯಲಿನಲ್ಲಿ ಆಡುತ್ತಿದ್ದ ನಮ್ಮನ್ನು ನೀವು ಒಂದೇ ಶಿಳ್ಳೆಯಲ್ಲಿ ಒಳಗೆ ಕರೆಯುತ್ತಿದ್ದಿರಿ. ನಿಂತು ಕಿವಿಗೊಟ್ಟೆ.

ನಿಮ್ಮ
ನಿವೆಸ್

*

ತ್ರಿಯೆಸ್ತೆ
೧೫ ಮಾರ್ಚ್ ೧೯೯೪

ಪ್ರಿಯ ನಿವೆಸ್,

ನಿನ್ನ ಅಕ್ಷರಗಳು ಇನ್ನೂ ಬಲಕ್ಕೆ ವಾಲುತ್ತವೆ. ಆರು ವರ್ಷದವಳಿದ್ದಾಗಲೂ ಎಲ್ಲಿಗೋ ಹೊರಟವಳ ಹಾಗೆ ಬರೆಯುತ್ತಿದ್ದೆ. ನನ್ನ ಕೈಕೆಳಗೆ ಕಲಿತ ನಾನೂರಕ್ಕೂ ಹೆಚ್ಚು ಮಕ್ಕಳಲ್ಲಿ, ಹೊರಟ ಜಾಗ ತಲುಪಿದವರು ಕೆಲವರೇ. ನೀನು ಅವರಲ್ಲೊಬ್ಬಳು ಎಂಬುದು ಈ ಮುಪ್ಪಿನಲ್ಲಿ ನನಗೆ ಬೆಚ್ಚನೆಯ ಕಂಬಳಿ.

ಗೈಡ್ ಕೆಲಸವನ್ನು ಸಣ್ಣದೆಂದು ತಿಳಿಯಬೇಡ. ಹಳೆಯ ಕಟ್ಟಡಕ್ಕೆ ಬಂದವರು ಗೋಡೆ ನೋಡಲು ಬರುವುದಿಲ್ಲ. ಅಲ್ಲಿ ಬದುಕಿದ್ದವರನ್ನು ನೋಡಲು ಬರುತ್ತಾರೆ. ಅವರನ್ನು ಎಬ್ಬಿಸಿ ಕೊಡುವುದು ನಿನ್ನ ಮಾತಿನ ಕೆಲಸ.

ಆ ವಾಕ್ಯದ ವಿಷಯ: ಅದನ್ನು ತೆಗೆಯಿರೆಂದು ಸ್ಪದೋನಿಯವರಿಗೆ ಲಿಖಿತವಾಗಿ, ಗೌರವದಿಂದ ಕೇಳು. ಕೋಪದಿಂದ ಬರೆದ ಮನವಿಯನ್ನು ಓದುವವನಿಗೆ ಕೋಪವಷ್ಟೇ ಕಾಣುತ್ತದೆ.

ಪುಟಗಳನ್ನು ತಿದ್ದಿದ್ದೇನೆ. ಚಾವಣಿಯ ಚಿತ್ರಗಳ ಭಾಗ ಉದ್ದವಾಯಿತು. ಪ್ರಾಂಪ್ಟರ್ ಗುಂಡಿಯ ಬಗ್ಗೆ ನೀನು ಸೇರಿಸಿದ್ದ ಪ್ಯಾರಾವನ್ನು ಹೊಡೆದುಹಾಕಿದ್ದೇನೆ. ಜನರನ್ನು ಅಲ್ಲಿ ಹೆಚ್ಚು ಹೊತ್ತು ನಿಲ್ಲಿಸಬೇಡ. ಅಲ್ಲಿ ನೋಡುವಂಥದ್ದೇನೂ ಇಲ್ಲ.

ಇಲ್ಲಿ ಬೋರಾ ಗಾಳಿ ಮೂರು ದಿನದಿಂದ ಕಿಟಕಿ ಬಡಿಯುತ್ತಿದೆ.

ನಿನ್ನ
ಎರ್ಸಿಲಿಯಾ ಮೋರ್ಬಿದೆಲ್ಲಿ

*

ಮೊಂತೆಫ್ರಾಸ್ಸಿನೊ
೨ ಏಪ್ರಿಲ್ ೧೯೯೪

ಪ್ರೀತಿಯ ಮಾಯೆಸ್ತ್ರಾ,

ನೀವು ಹೇಳಿದಂತೆಯೇ ಮಾಡಿದೆ. ಗೌರವದಿಂದ ಬರೆದೆ, ಗೌರವದಿಂದ ಕೈಗೆ ಕೊಟ್ಟೆ. ಸ್ಪದೋನಿ ಓದಿ, ಮಡಚಿ, ಕಾಫಿ ಬಟ್ಟಲಿನ ಕೆಳಗೆ ಇಟ್ಟುಕೊಂಡ. ಕಲೆಯಾಗದಿರಲಿ ಎಂದು ಮೇಜಿನ ಮೇಲೆ ಏನಾದರೂ ಹಾಸುತ್ತೇವಲ್ಲ, ಹಾಗೆ.

"ನೋಡಮ್ಮ, ಇದು ಕೋರ್ಟು ಹೇಳಿರೋ ಮಾತು. ನಾನೇನು ಸೇರ್ಸಿದೀನಾ?"

"'ಕುಡಿದಿದ್ದ' ಅಂತ ಕೋರ್ಟು ಹೇಳಿದ್ದು ನಿಮ್ಮ ಮಾತಿನ ಮೇಲೆ ಸಾರ್."

"ಮತ್ತೆ ನಿಮ್ಮಪ್ಪ ಬಂದು ಅಲ್ಲ ಅನ್ಬೇಕಿತ್ತು. ಇಪ್ಪತ್ತಾರು ವರ್ಷ ಟೈಮಿತ್ತಲ್ಲ."

ಮೀಸೆಯನ್ನು ಎರಡು ಬೆರಳಲ್ಲಿ ಒತ್ತಿಕೊಂಡ. ಯಾವಾಗಲೂ ಹಾಗೆ ಒತ್ತಿಕೊಳ್ಳುತ್ತಾನೆ, ಬಿದ್ದುಹೋದೀತೋ ಎನ್ನುವವನ ಹಾಗೆ.

ಹೊರಗೆ ಬಂದು ಫೋಸ್ಕಾ ಅಜ್ಜಿಯ ಟಿಕೆಟ್ ಗೂಡಿನಲ್ಲಿ ಕುಳಿತೆ. ಎಂಬತ್ತೊಂದು ವರ್ಷವಾದರೂ ಬಾಕ್ಸ್‌ಗಳ ಬದಲಿ ಕೀಲಿಕೈ ಗೊಂಚಲು ಇನ್ನೂ ಅವಳ ಸೊಂಟದಲ್ಲೇ ಇದೆ. ಅಂದಿನ ಸಂಜೆಯ ಬಗ್ಗೆ ಕೇಳಿದೆ.

"ಒಂಬತ್ತನೇ ಬಾಕ್ಸು ಸ್ಪದೋನಿ ಮನೆಯವರ್ದು ಕಣೇ. ಪಡ್ಡೆ ಹುಡುಗ್ರೆಲ್ಲಾ ತುಂಬ್ಕೊಂಡಿದ್ರು. ಗ್ವಾಲ್ತಿಯೆರೋನೇ ಅವ್ರಿಗೆ ಯಜಮಾನ. ಇವೊನ ನಾಟಕ ಕೆಡಿಸ್ಬೇಕು ಅಂತಾನೇ ಬಂದಿದ್ರು. ಏನ್ ಗಲಾಟೆ, ಏನ್ ಗಲಾಟೆ!"

ಮಾಯೆಸ್ತ್ರಾ, ನಮ್ಮಲ್ಲಿ ನಟನನ್ನು ಕೆಡಿಸುವುದು ಹೇಗೆಂದು ನಿಮಗೆ ಹೇಳಬೇಕೆ? ಶಿಳ್ಳೆ ಹಾಕಿ. ಆ ರಾತ್ರಿ ಒಂಬತ್ತನೆಯ ಬಾಕ್ಸ್‌ನಿಂದ ಇವೊನನ್ನು ಹೀಯಾಳಿಸಿ ಶಿಳ್ಳೆ ಬಂತು. ಅಟ್ಟದ ಮೇಲಿನ ಅಪ್ಪ ಅದನ್ನು ಸೂಚನೆ ಎಂದುಕೊಂಡರು. ಶಿಳ್ಳೆ ಕೇಳಿಸಿತು ಎಂದು ಒಬ್ಬರು ಒಪ್ಪಿದ್ದರೂ ಅದು ಯಾವುದೋ ಮನೆತನದ ಬಾಕ್ಸ್‌ನಿಂದ ಬಂತೆಂದಾಗುತ್ತಿತ್ತು. ಆದ್ದರಿಂದಲೇ ನಲವತ್ತೆಂಟು ಮನೆಗಳು ಒಂದೇ ಬಾಯಾದವು.

ಮೇ ಇಪ್ಪತ್ತೆಂಟರಂದು ಊರೆಲ್ಲ ಬಾಕ್ಸ್‌ಗಳಲ್ಲಿ ಕುಳಿತಿರುತ್ತದೆ. ಅವನಿಂದ ಅಂದು ಶಿಳ್ಳೆ ಹಾಕಿಸುತ್ತೇನೆ. ಅವರೆಲ್ಲರ ಕಣ್ಣೆದುರು.

ಪ್ರಾಂಪ್ಟರ್ ಗುಂಡಿಯ ಪ್ಯಾರಾ ಹೊಡೆದಿದ್ದೀರಿ. ನಿಮ್ಮ ಸಂಕೋಚ ನನಗೆ ಗೊತ್ತಿಲ್ಲವೇ! ನಾನು ಮಾತ್ರ ಜನರನ್ನು ಅಲ್ಲಿ ನಿಲ್ಲಿಸಿಯೇ ನಿಲ್ಲಿಸುತ್ತೇನೆ.

ನಿಮ್ಮ
ನಿವೆಸ್

*

ತ್ರಿಯೆಸ್ತೆ
೧೪ ಏಪ್ರಿಲ್ ೧೯೯೪

ಪ್ರಿಯ ನಿವೆಸ್,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಎರಡನೆಯ ಸಲ ಕೆಂಪು ಪೆನ್ಸಿಲ್ ಹಿಡಿದು ಓದಿದೆ.

ಫೋಸ್ಕಾ ಹೇಳಿದ್ದು ಗಲಾಟೆ ಎಂದು. ನೀನು ಬರೆದದ್ದು ಶಿಳ್ಳೆ ಎಂದು. ಈ ಎರಡರ ನಡುವೆ ನೀನೇ ಒಂದು ಸೇತುವೆ ಕಟ್ಟಿಕೊಂಡಿದ್ದೀಯೆ. ವಿದ್ಯಾರ್ಥಿಯೊಬ್ಬಳು ಹೀಗೆ ಬರೆದಿದ್ದರೆ ಅಂಚಿನಲ್ಲಿ 'ಆಧಾರ?' ಎಂದು ಹಾಕುತ್ತಿದ್ದೆ. ಸ್ಪದೋನಿ ಒಳ್ಳೆಯವರೆಂದು ನಾನು ಹೇಳುತ್ತಿಲ್ಲ. ನಿನ್ನ ಅಪ್ಪ ಕುಡಿದಿರಲಿಲ್ಲ. ಅದು ನನಗೆ ಗೊತ್ತು, ಕೋರ್ಟಿನಲ್ಲಿಯೂ ಹೇಳಿದೆ. ಆದರೆ ಒಂದು ಸುಳ್ಳು ಹೇಳಿದವನು ಎಲ್ಲ ತಪ್ಪನ್ನೂ ಮಾಡಿದವನಾಗುವುದಿಲ್ಲ. ಅಂದು ಬೀದಿಯಲ್ಲಿ ಕಾರ್ನಿವಲ್ ಇತ್ತು. ಶಿಳ್ಳೆ ಹೊರಗಿನಿಂದಲೂ ಬಂದಿರಬಹುದು.

ದೇಲಿಯೊ ಎಂಥ ಕೆಲಸಗಾರ ಎಂಬುದನ್ನು ನೀನು ಜನರಿಗೆ ಹೇಳು. ಆ ಅಟ್ಟದ ಹಗ್ಗಗಳನ್ನು ಕಟ್ಟಿಕೊಟ್ಟವರು ಆಂಕೋನಾ ಬಂದರಿನ ಹಡಗಿನವರು. ಶಿಳ್ಳೆಯ ಭಾಷೆಯೂ ಅವರದೇ. ಮೇಲಿರುವವನು ಕಣ್ಣಿಲ್ಲದೆ ಕೆಲಸ ಮಾಡಬೇಕು. ಯಾರ ಶಿಳ್ಳೆ ಎಂಬುದನ್ನು ತಾಯಿಯ ಧ್ವನಿಯಂತೆ ಗುರುತಿಸಬೇಕು, ಗುರುತಿಸಿದ ಮೇಲೆ ಯೋಚಿಸಬಾರದು. ಅವನ ಕೈ ಯೋಚಿಸುತ್ತಿರಲಿಲ್ಲ. ಅದಕ್ಕೇ ಅವನು ನಮ್ಮಲ್ಲಿ ಎಲ್ಲರಿಗಿಂತ ಉತ್ತಮನಾಗಿದ್ದ.

ಈ ಹಗೆಯನ್ನು ಬಿಡು, ಮಗು. ನೀನು ಹಗೆಗಾಗಿ ಓದಿದವಳಲ್ಲ.

ನಿನ್ನ
ಎರ್ಸಿಲಿಯಾ

*

ಮೊಂತೆಫ್ರಾಸ್ಸಿನೊ
೯ ಮೇ ೧೯೯೪

ಪ್ರೀತಿಯ ಮಾಯೆಸ್ತ್ರಾ,

ಕಡಲು ಸಿಕ್ಕಿತು! ಅಟ್ಟದ ಮೂಲೆಯಲ್ಲಿ ಸುರುಳಿ ಸುತ್ತಿ ಬಿದ್ದಿತ್ತು. ಬಿಚ್ಚಿದಾಗ ಇಲಿ ತಿಂದ ಎರಡು ತೂತು, ಉಳಿದದ್ದೆಲ್ಲ ನೀಲಿ. ತೊಲೆ ಅದೇ. ಕೆಲಸಗಾರ ಸೆತ್ತಿಮಿಯೊ ಹೊಸ ಹಗ್ಗಕ್ಕೆ ಕಟ್ಟಿದ್ದಾನೆ.

"ಇದನ್ನ ಯಾತಕ್ಕೆ ಅಕ್ಕಾ ಮತ್ತೆ ನೇತಾಕೋದು? ಅಪಶಕುನ."

"ಅಧ್ಯಕ್ಷರಿಗೆ ಮರ್ಯಾದೆ ಮಾಡೋಕೆ ಕಣೋ."

ನನ್ನ ಏರ್ಪಾಡು ಕೇಳಿ. ಮನೆತನದವರೆಲ್ಲ ತಮ್ಮ ತಮ್ಮ ಬಾಕ್ಸ್‌ಗಳಲ್ಲಿ ಕೂರುತ್ತಾರೆ, ಸ್ಪದೋನಿ ಒಂಬತ್ತರಲ್ಲಿ. ನಾನು ರಂಗದ ಮೇಲೆ ನಿಂತು ಹಳೆಯ ಪದ್ಧತಿ ವಿವರಿಸುತ್ತೇನೆ. ಇವೊ ನಿಂತಿದ್ದ ಜಾಗದಲ್ಲಿ ಸೀಮೆಸುಣ್ಣದ ಗುರುತು ಹಾಕಿ ಹಿಟ್ಟಿನ ಮೂಟೆ ನಿಲ್ಲಿಸಿರುತ್ತೇನೆ. 'ಈಗ ನಮ್ಮ ಅಧ್ಯಕ್ಷರು ಒಂದು ಶಿಳ್ಳೆ ಹಾಕಲಿ' ಎನ್ನುತ್ತೇನೆ. ಊರಿನೆದುರು ಒಲ್ಲೆ ಎನ್ನಲಾರ. ಶಿಳ್ಳೆ ಬರುತ್ತದೆ, ಅಟ್ಟದಲ್ಲಿ ಸೆತ್ತಿಮಿಯೊ ಹಗ್ಗ ಬಿಡುತ್ತಾನೆ, ತೊಲೆ ಬೀಳುತ್ತದೆ, ಹಿಟ್ಟು ಹೊಗೆಯಂತೆ ಏಳುತ್ತದೆ. ಆಗ ನಾನು ಕೇಳುತ್ತೇನೆ: ಈ ಸಲವಾದರೂ ನಿಮಗೆಲ್ಲ ಕೇಳಿಸಿತೆ?

ನಿಮ್ಮ ಉಪದೇಶವನ್ನು ಮರೆತಿಲ್ಲ. ಹಗೆಗಾಗಿ ಓದಿದವಳಲ್ಲ ಎಂದಿರಿ. ಹಾಗಾದರೆ ಯಾತಕ್ಕಾಗಿ ಓದಿದೆ, ಮಾಯೆಸ್ತ್ರಾ? ಇಟ್ಟಿಗೆ ಗೂಡಿನವನ ಮಗಳಿಗೆ ತ್ರಿಯೆಸ್ತೆಯಿಂದ ತಿಂಗಳಿಗೊಂದು ಪುಸ್ತಕ ಕಳಿಸಿದವರು ನೀವೊಬ್ಬರೇ. ಆ ಪುಸ್ತಕಗಳು ನನಗೆ ಬಗ್ಗುವುದನ್ನು ಕಲಿಸಲಿಲ್ಲ.

ಬನ್ನಿ. ಮೊದಲ ಸಾಲಿನಲ್ಲಿ ಜಾಗ ಇಟ್ಟಿರುತ್ತೇನೆ.

ನಿವೆಸ್

*

ತ್ರಿಯೆಸ್ತೆ
೧೮ ಮೇ ೧೯೯೪

ಪ್ರಿಯ ನಿವೆಸ್,

ಬರಲಾರೆ. ಮಂಡಿ ನೋವು.

ಮಾಡಬೇಡ. ಟೀಚರಾಗಿ ಹೇಳುತ್ತಿಲ್ಲ, ಬೇಡಿಕೊಳ್ಳುತ್ತಿದ್ದೇನೆ. ಆ ತೊಲೆಯನ್ನು ಇಳಿಸಬೇಡ. ಸ್ಪದೋನಿ ಶಿಳ್ಳೆ ಹಾಕಲಿಲ್ಲ. ನನಗೆ ಹೇಗೆ ಗೊತ್ತೆಂದು ಕೇಳಬೇಡ. ಗುಂಡಿಯಲ್ಲಿ ಕುಳಿತವರಿಗೆ ಯಾವ ಸದ್ದು ಎಲ್ಲಿಂದ ಬಂತೆಂಬುದು ತಿಳಿಯುತ್ತದೆ, ಅಷ್ಟೇ.

ನಿನಗೆ ಹೇಳಬೇಕಾದದ್ದು ಇನ್ನೊಂದು ಇದೆ. ಮೂರು ಸಲ ಈ ಹಾಳೆಯ ಮೇಲೆ ಶುರುಮಾಡಿ ಹರಿದೆ. ಇದು ನಾಲ್ಕನೆಯ ಹಾಳೆ, ಇದರಲ್ಲಿಯೂ ಆಗುತ್ತಿಲ್ಲ.

ಎರ್ಸಿಲಿಯಾ

*

ತ್ರಿಯೆಸ್ತೆ
೨೭ ಮೇ ೧೯೯೪

ನಿವೆಸ್,

ಇದು ನಾಳೆಯೊಳಗೆ ನಿನ್ನ ಕೈ ಸೇರದು. ಬಹುಶಃ ಆದ್ದರಿಂದಲೇ ಇಂದು ಬರೆಯಲು ಸಾಧ್ಯವಾಗುತ್ತಿದೆ.

ಶಿಳ್ಳೆ ಹಾಕಿದವಳು ನಾನು.

ಅಂದು ಪರದೆ ಏಳುವ ಅರ್ಧ ಗಂಟೆ ಮೊದಲು ಕೆಂಪು ದೀಪ ಕೆಟ್ಟಿತು. ಸ್ಪದೋನಿ ಆಗ ಸಂಘದ ಕಾರ್ಯದರ್ಶಿ. ದೀಪಗಳನ್ನು ಹಾಕಿಸಿದವನು ಅವನೇ, ಆದ್ದರಿಂದ ಆಮೇಲೆ ಸುಳ್ಳು ಹೇಳಿದ. ದೇಲಿಯೊ ಗುಂಡಿಯ ಹತ್ತಿರ ಬಗ್ಗಿ, "ಮಾಯೆಸ್ತ್ರಾ, ಹಳೇ ಥರಾನೇ ಶಿಳ್ಳೆ ಹಾಕ್ಬಿಡಿ. ನಿಮ್ದು ನಂಗೆ ನಿದ್ದೇಲೂ ಗೊತ್ತಾಗುತ್ತೆ" ಎಂದ. ಈ ಮಾತು ನಮ್ಮಿಬ್ಬರ ನಡುವೆ ಮಾತ್ರ ಆಯಿತು.

ಫೆಬ್ರವರಿಯ ಚಳಿ. ಉಣ್ಣೆಯ ಕೈಗವಸು ಹಾಕಿಕೊಂಡಿದ್ದೆ. ಎರಡನೆಯ ಅಂಕದಲ್ಲಿ ಆ ದಪ್ಪ ಬೆರಳುಗಳಿಗೆ ತಿಳಿಯದೆ ಎರಡು ಹಾಳೆ ಒಟ್ಟಿಗೆ ಮಗುಚಿದವು. ಇವೊ ಮಾತು ಮುಗಿಸಿ ಮೌನವಾಗಿ ನಿಂತಿದ್ದ, ಆ ಮೌನವನ್ನು ನಾನೇ ಅವನಿಗೆ ಕಲಿಸಿದ್ದು. ನನ್ನ ಮುಂದಿದ್ದ ಪುಟದಲ್ಲಿ ಅವನು ಆಗಲೇ ರಂಗದಿಂದ ಹೊರಟುಹೋಗಿದ್ದ, ಪರದೆ ಇಳಿಯಬೇಕಿತ್ತು. ನನ್ನ ಕಣ್ಣು ಪುಸ್ತಕದ ಮೇಲಿತ್ತು, ರಂಗದ ಮೇಲಿರಲಿಲ್ಲ. ಶಿಳ್ಳೆ ಹಾಕಿದೆ.

ಹತ್ತೊಂಬತ್ತು ವರ್ಷದ ಹುಡುಗ. ನನ್ನ ಹತ್ತಿರವೇ ಅಕ್ಷರ ಕಲಿತವನು.

ಮರುದಿನ ಬೆಳಿಗ್ಗೆ, ಪೊಲೀಸರು ಕರೆದೊಯ್ಯುವ ಮೊದಲು, ದೇಲಿಯೊ ನನ್ನ ಅಡುಗೆಮನೆಗೆ ಬಂದ. ಕೂರಲಿಲ್ಲ. "ನಾನು ಯಾರ ಶಿಳ್ಳೆ ಅಂತ ಹೇಳಲ್ಲ. ಹೇಳಿದ್ರೆ ನಿಮ್ಮ ಶಾಲೆ ಹೋಗುತ್ತೆ, ನನ್ ಕೆಲ್ಸ ಹೇಗೂ ಉಳಿಯಲ್ಲ. ನನ್ ಹುಡುಗೀನ ಓದ್ಸಿ. ಅಷ್ಟು ಮಾಡಿ" ಎಂದ. ನಾನು ಹೂಂ ಎಂದೆ. ಬಹಳ ಬೇಗ ಹೂಂ ಎಂದೆ, ನಿವೆಸ್. ನ್ಯಾಯಾಧೀಶರು ಕೇಳಿದಾಗ ನಲವತ್ತೊಂಬತ್ತನೆಯವಳಾಗಿ 'ಕೇಳಿಸಲಿಲ್ಲ' ಎಂದೆ.

ನಿನ್ನನ್ನು ಪ್ರೀತಿಸಿದ್ದು ಸುಳ್ಳಲ್ಲ. ಆದರೆ ಅದು ಯಾವ ದಿನ ಋಣವಾಗಿ ಶುರುವಾಗಿ ಯಾವ ದಿನ ಪ್ರೀತಿಯಾಯಿತೆಂದು ನಾನು ಹೇಳಲಾರೆ.

ಇಂದೇ ಅಂಚೆಗೆ ಹಾಕುತ್ತೇನೆ.

ಎರ್ಸಿಲಿಯಾ ಮೋರ್ಬಿದೆಲ್ಲಿ

*

ಮೊಂತೆಫ್ರಾಸ್ಸಿನೊ
೨೯ ಮೇ ೧೯೯೪

ಮಾಯೆಸ್ತ್ರಾ,

ನಿನ್ನೆ ಎಲ್ಲವೂ ನಾನು ಬರೆದಂತೆಯೇ ನಡೆಯಿತು, ಒಂದನ್ನು ಬಿಟ್ಟು.

ಬಾಕ್ಸ್‌ಗಳು ತುಂಬಿದ್ದವು. ಕೆಳಗೆ ಬೊಲೋನ್ಯಾದಿಂದ ಬಂದ ಮೂವತ್ತು ಪ್ರವಾಸಿಗರು. ಅಧ್ಯಕ್ಷರು ಶಿಳ್ಳೆ ಹಾಕಲಿ ಎಂದೆ. ಜನ ಚಪ್ಪಾಳೆ ತಟ್ಟಿದರು. ಸ್ಪದೋನಿ ಎದ್ದು ಕೈ ಆಡಿಸಿ ಬೇಡವೆಂದ. "ಸಂಕೋಚ ಯಾಕೆ ಸಾರ್, ಹಾಕಿ ಹಾಕಿ!" ಎಂದು ಮೂರನೆಯ ಅಂತಸ್ತಿನಿಂದ ಯಾರೋ ಕೂಗಿದರು. ಅವನು ತುಟಿ ಮುಂದೆ ಮಾಡಿದ. ಗಾಳಿ ಬಂತು. ಎಂಜಲು ಬಂತು. ಮತ್ತೆ ಊದಿದ. ಮತ್ತೆ ಗಾಳಿ. ಪ್ರವಾಸಿಗರು ನಕ್ಕರು. ಊರಿನವರು ನಗಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ತೊಲೆ ಇಳಿಯಲಿಲ್ಲ. ಹಿಟ್ಟಿನ ಮೂಟೆ ಹಾಗೆಯೇ ನಿಂತಿತ್ತು.

ಫೋಸ್ಕಾ ಅಜ್ಜಿ ನನ್ನ ರಟ್ಟೆ ಹಿಡಿದು ಟಿಕೆಟ್ ಗೂಡಿಗೆ ಎಳೆದೊಯ್ದಳು.

"ಏನ್ ಮಾಡ್ಬಿಟ್ಟೆ ಕಣೇ! ಅವನ ತುಟಿ ಹುಟ್ಟುವಾಗ್ಲೇ ಸೀಳಿತ್ತು. ಮೂರು ಸಲ ಹೊಲ್ಸಿದ್ರು. ಆ ಮೀಸೆ ಮತ್ಯಾಕೆ ಅನ್ಕೊಂಡಿದ್ದೆ? ಅವ್ನು ಜನ್ಮದಲ್ಲಿ ಶಿಳ್ಳೆ ಹಾಕಿಲ್ಲ."

"ಗಲಾಟೆ ಅಂದ್ಯಲ್ಲಜ್ಜಿ!"

"ಗಲಾಟೆ ಅಂದೆ. ಶಿಳ್ಳೆ ಅಂದ್ನಾ? ನಗ್ತಾ ಇದ್ರು, ಕಾಳಿನ ಸಿಪ್ಪೆ ಕೆಳಗೆ ಉಗೀತಾ ಇದ್ರು."

"ಹಾಗಾದ್ರೆ ಯಾರು ಹಾಕಿದ್ದು?"

"ನಂಗೇನ್ ಗೊತ್ತು, ನಾನು ಹೊರಗೆ ಟಿಕೆಟ್ ಎಣಿಸ್ತಿದ್ದೆ. ಆ ಕಾಲ್ದಲ್ಲಿ ಅಟ್ಟಕ್ಕೆ ಕೇಳೋ ಹಾಗೆ ಶಿಳ್ಳೆ ಹಾಕ್ತಿದ್ದೋರು ಈ ಊರಲ್ಲಿ ಒಬ್ರೇ. ನಿಮ್ಮನ್ನೆಲ್ಲಾ ಬಯಲಿಂದ ಒಳಗೆ ಕರೀತಿದ್ರಲ್ಲ, ಅವ್ರು."

ಹೇಳಿದ ಮೇಲೆ ಅವಳೇ ಬಾಯಿ ಮುಚ್ಚಿಕೊಂಡಳು.

ಸಂಜೆ ಸ್ಪದೋನಿ ಬಂದ. ಮೀಸೆ ಮುಟ್ಟಿಕೊಳ್ಳಲಿಲ್ಲ. "ನಿನ್ನನ್ನ ಕೆಲಸದಿಂದ ತೆಗೆಯಲ್ಲ. ಪ್ರತಿ ಶನಿವಾರ ಆ ವಾಕ್ಯಾನ ನಿನ್ನ ಬಾಯಲ್ಲೇ ಹೇಳಿಸ್ತೀನಿ. ನಾನು ಒಂಬತ್ತರಲ್ಲಿ ಕೂತು ಕೇಳ್ತೀನಿ" ಎಂದ.

ಮಾಯೆಸ್ತ್ರಾ, ಇಡೀ ದಿನ ಶಾಲೆಯ ಬಯಲು ಕಣ್ಣ ಮುಂದಿದೆ. ನಿಮ್ಮ ಪತ್ರಗಳನ್ನು ಮೊದಲಿನಿಂದ ಓದಿದೆ. 'ಅಲ್ಲಿ ನೋಡುವಂಥದ್ದೇನೂ ಇಲ್ಲ.' 'ಹೊರಗಿನಿಂದಲೂ ಬಂದಿರಬಹುದು.' ಬೇರೆ ಏನನ್ನೂ ಕೇಳುತ್ತಿಲ್ಲ. ಹೌದು ಅಥವಾ ಇಲ್ಲ, ಇಷ್ಟು ಬರೆಯಿರಿ.

ನಿವೆಸ್

*

ಮೊಂತೆಫ್ರಾಸ್ಸಿನೊ
೪ ಜೂನ್ ೧೯೯೪

ಸಿನ್ಯೋರಾ ಮೋರ್ಬಿದೆಲ್ಲಿ,

ನಿಮ್ಮ ಪತ್ರ ನಿನ್ನೆ ಬಂತು. ಹಾಳೆಯ ಮೇಲೆ ಇಪ್ಪತ್ತೇಳನೆಯ ತಾರೀಖು, 'ಇಂದೇ ಅಂಚೆಗೆ ಹಾಕುತ್ತೇನೆ' ಎಂಬ ಮಾತು. ಲಕೋಟೆಯ ಮೇಲಿನ ಮುದ್ರೆ ಮೂವತ್ತನೆಯದು. ಮೂರು ದಿನ ಅದನ್ನು ಎಲ್ಲಿಟ್ಟುಕೊಂಡಿದ್ದಿರಿ? ನಾನು ಸ್ಪದೋನಿಯ ಮೇಲೆಯೇ ಗೆದ್ದುಬಿಟ್ಟರೆ ಹರಿದುಹಾಕಬಹುದೆಂದು ಕಾದಿರಾ?

ಇಂದು ಮೂರು ಗಂಟೆಗೆ ಹನ್ನೆರಡು ಜನರ ಗುಂಪಿಗೆ ಆ ವಾಕ್ಯ ಹೇಳಿದೆ. 'ಕುಡಿದಿದ್ದ ಕೆಲಸಗಾರನೊಬ್ಬನ.' ಒಂಬತ್ತನೆಯ ಬಾಕ್ಸ್‌ನಲ್ಲಿ ಅವನು ಕೇಳುತ್ತ ಕುಳಿತಿದ್ದ. ಹೇಳುವಾಗ ನಾನು ನೆನೆದದ್ದು ಅವನನ್ನಲ್ಲ.

ನನಗೆ ಬಂದ ಒಂದೊಂದು ಪುಸ್ತಕಕ್ಕೂ ಅಪ್ಪ ಇಟ್ಟಿಗೆ ಸುಟ್ಟಿದ್ದಾರೆ. ನಾನು ಓದುತ್ತ ಕುಳಿತಾಗ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನನ್ನ ಬಗ್ಗೆ ಹೆಮ್ಮೆ ಎಂದುಕೊಂಡಿದ್ದೆ. ನೀವು ಮಾತು ಉಳಿಸಿಕೊಳ್ಳುತ್ತಿದ್ದೀರಾ ಎಂದು ನೋಡುತ್ತಿದ್ದರು.

ಜೂನ್ ಇಪ್ಪತ್ತೈದು, ಶನಿವಾರ, ಮೂರು ಗಂಟೆ. ಮಂಡಿ ನೋವಿದ್ದರೂ ಬನ್ನಿ. ನೀವು ನಾಲ್ಕು ಪುಟ ತಿದ್ದಿದಿರಿ. ನಾನು ಜನರಿಗೆ ತೋರಿಸಿ ಹೇಳುವುದನ್ನು ಒಮ್ಮೆಯೂ ನೋಡಲಿಲ್ಲ. ಗುಂಡಿಯೊಳಗೆ ಇಳಿಯಿರಿ. ಗುಂಪಿಗೆ ನೀವು ಯಾರೆಂದು, ಏನು ಮಾಡಿದಿರೆಂದು ನಿಮ್ಮ ಬಾಯಿಂದಲೇ ಹೇಳಿ. ಆಮೇಲೆ ಶಿಳ್ಳೆ ಹಾಕಿ. ಅಟ್ಟದ ಮೇಲೆ ಹಗ್ಗ ಹಿಡಿದು ನಿಂತಿರುವವಳು ನಾನು.

ನಿವೆಸ್ ತೊಂಬೊಲಿನಿ

*

ತ್ರಿಯೆಸ್ತೆ
೧೦ ಜೂನ್ ೧೯೯೪

ನಿವೆಸ್,

ಮೂರು ದಿನವೂ ಅದು ಬ್ರೆಡ್ ಡಬ್ಬಿಯಲ್ಲಿತ್ತು. ನೀನು ಬರೆದದ್ದು ಸರಿ.

ಬರುತ್ತೇನೆ.

ಎರ್ಸಿಲಿಯಾ

*

ಮೊಂತೆಫ್ರಾಸ್ಸಿನೊ, ನಿಲ್ದಾಣದ ಎದುರಿನ ವಸತಿಗೃಹ
೨೬ ಜೂನ್ ೧೯೯೪

ನಿವೆಸ್,

ನಿನ್ನೆ ನೀನು ಅಟ್ಟದಿಂದ ಇಳಿದು ನನ್ನನ್ನು ನೋಡದೆ ಹೋದೆ. ಮೇಲಿದ್ದವರಿಗೆ ಕೆಳಗೆ ನಡೆದದ್ದು ಕಾಣುವುದಿಲ್ಲ. ಅದನ್ನು ನಾನು ಒಂದೇ ಒಂದು ಸಲ ಮರೆತ ಕಾರಣಕ್ಕೆ ಇಷ್ಟೆಲ್ಲ ಆಯಿತು. ಆದ್ದರಿಂದ ನೀನು ಕಾಣದ್ದನ್ನು ಬರೆದು ನಿನ್ನ ಬಾಗಿಲಿಗೆ ಹಾಕಿ ಹೋಗುತ್ತೇನೆ.

ಗುಂಡಿಗೆ ಇಳಿಯಲು ಸೆತ್ತಿಮಿಯೊ ಕೈಹಿಡಿದ. ಒಳಗೆ ಅದೇ ವಾಸನೆ, ಧೂಳು ಮತ್ತು ಹಳೆಯ ಅಂಟು. ಇಪ್ಪತ್ತಮೂರು ಪ್ರವಾಸಿಗರಿದ್ದರು. ಸುದ್ದಿ ಹೇಗೋ ಹರಡಿ, ಬಾಕ್ಸ್‌ಗಳಲ್ಲಿಯೂ ಅಲ್ಲಲ್ಲಿ ತಲೆಗಳು. ಒಂಬತ್ತರಲ್ಲಿ ಸ್ಪದೋನಿ. ನಾನು ಹೇಳಬೇಕಾದದ್ದನ್ನು ಹೇಳಿದೆ. ಮೊದಲ ಸಾಲಿನಲ್ಲಿದ್ದ ಹೆಂಗಸೊಬ್ಬಳು ಇದು ನಾಟಕದ ಭಾಗವೆಂದು ತಿಳಿದು ನಗುತ್ತಿದ್ದಳು. ಕೈಗವಸಿನ ಮಾತು ಬಂದಾಗ ನಗು ನಿಲ್ಲಿಸಿದಳು.

ಶಿಳ್ಳೆ ಹಾಕಿದೆ. ಎಪ್ಪತ್ತೆರಡು ವರ್ಷದ ಬಾಯಿ, ಆದರೂ ಬಂತು. ಪರದೆ ಇಳಿಯಲಿಲ್ಲ.

ಮೇಲಿನಿಂದ ನಿನ್ನ ಧ್ವನಿ ಬಂತು: "ಕೇಳಿಸ್ಲಿಲ್ಲ."

ಎಲ್ಲರ ತಲೆ ಮೇಲಕ್ಕೆ ತಿರುಗಿತು. ನಾನು ಮತ್ತೆ ಹಾಕಿದೆ. ಅದು ಹೊರಗಿನ ಚೌಕಕ್ಕೂ ಕೇಳಿಸಿತೆಂದು ಫೋಸ್ಕಾ ಆಮೇಲೆ ಹೇಳಿದಳು.

"ಕೇಳಿಸ್ಲಿಲ್ಲ."

ಗುಂಡಿಯ ಅಂಚಿಗೆ ಹಣೆ ಇಟ್ಟೆ. ನ್ಯಾಯಾಧೀಶರ ಮುಂದೆ ನಾನು ಹೇಳಿದ ಮಾತು ನನ್ನ ಮೇಲೆಯೇ ಇಳಿಯುತ್ತಿತ್ತು. ನಿನ್ನ ಅಪ್ಪ ಅದನ್ನು ನಲವತ್ತೊಂಬತ್ತು ಸಲ ಕೇಳಿದ. ನನಗೆ ಎರಡೇ ಸಲಕ್ಕೆ ಉಸಿರು ಹೋಗಿತ್ತು. ಮೂರನೆಯದನ್ನು ಹಾಕಿದಾಗ ಅರ್ಧಕ್ಕೆ ಮುರಿಯಿತು.

ನೀನು ಉತ್ತರಿಸುವ ಮೊದಲೇ ಒಂಬತ್ತನೆಯ ಬಾಕ್ಸ್‌ನಲ್ಲಿ ಕುರ್ಚಿ ಸರಿಯಿತು. ಸ್ಪದೋನಿ ಎದ್ದು ನಿಂತಿದ್ದ. ಎರಡೂ ಕೈ ಕಟಾಂಜನದ ಮೇಲೆ. ಈ ಮಾತುಗಳನ್ನು ನೀನು ಕೇಳಿರಬೇಕು, ಆದರೆ ಅವನ ಮುಖ ನೋಡಿಲ್ಲ. ಬಿಳಿಚಿತ್ತು.

"ಕೇಳಿಸ್ತು. ಸಾಕು ಬಿಡಮ್ಮ, ಕೇಳಿಸ್ತು. ಅವತ್ತೂ ಕೇಳಿಸಿತ್ತು. ದೀಪಾನೂ ಕೆಟ್ಟಿತ್ತು. ಅವನು ಕುಡಿದಿರ್ಲಿಲ್ಲ."

ಹನ್ನೆರಡನೆಯ ಬಾಕ್ಸ್‌ನಿಂದ ಒಬ್ಬ ಮುದುಕ, "ನಂಗೂ ಕೇಳಿಸಿತ್ತು" ಎಂದ. ಮೂವತ್ತೊಂದರಿಂದ ಇನ್ನೊಬ್ಬಳು. ಆಮೇಲೆ ಯಾರು ಯಾರೆಂದು ನನಗೆ ಗೊತ್ತಾಗಲಿಲ್ಲ, ಕಣ್ಣು ಮಂಜಾಗಿತ್ತು.

ಆಗ ಕಡಲು ಇಳಿಯಿತು. ಅಷ್ಟು ನಿಧಾನವಾಗಿ, ಅಷ್ಟು ಸಮವಾಗಿ ಪರದೆ ಇಳಿಸುತ್ತಿದ್ದವನು ಒಬ್ಬನೇ ಇದ್ದ. ತೊಲೆ ನೆಲ ಮುಟ್ಟಿದ್ದು ಸದ್ದೇ ಆಗಲಿಲ್ಲ. ಯಾರು ನಿನಗೆ ಕಲಿಸಿದರು?

ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀನು ಉತ್ತರ ಕೊಡಬೇಕಾಗುತ್ತದೆ, ಆ ಭಾರವನ್ನೂ ನಿನ್ನ ಮೇಲೆ ಹೊರಿಸಲಾರೆ. ನಾನು ಕಲಿಸಿದ ಮಕ್ಕಳಲ್ಲಿ ನನಗೆ ಪಾಠ ಹೇಳಿದವಳು ನೀನೊಬ್ಬಳೇ. ಅದು ನನಗೆ ಸಂತೋಷವೆಂದು ಬರೆದರೆ ನಿನಗೆ ಸಿಟ್ಟು ಬರಬಹುದು; ಆದರೂ ಬರೆದಿದ್ದೇನೆ.

ಸಂಜೆಯ ರೈಲಿಗೆ ಹೊರಡುತ್ತೇನೆ.

ಎರ್ಸಿಲಿಯಾ

*

ಮೊಂತೆಫ್ರಾಸ್ಸಿನೊ
೩ ಜುಲೈ ೧೯೯೪

ಮಾಯೆಸ್ತ್ರಾ,

ಸ್ಪದೋನಿ ಮೂರನೆಯ ಪುಟ ವಾಪಸ್ ತೆಗೆದುಕೊಂಡ. ಆ ವಾಕ್ಯವನ್ನು ತನ್ನ ಪೆನ್ನಿನಿಂದಲೇ ಹೊಡೆದು, ಸಹಿ ಹಾಕಿ ಕೊಟ್ಟ. ಅವನ ತುಟಿಯ ಬಗ್ಗೆ ನಾನು ಕ್ಷಮೆ ಕೇಳಿದೆ. ಆ ಸುಳ್ಳನ್ನು ಮಾತ್ರ ಕ್ಷಮಿಸಿಲ್ಲ, ಅದನ್ನೂ ಹೇಳಿದೆ.

ಖಾಲಿಯಾದ ಜಾಗಕ್ಕೆ ನಾನು ಬರೆದದ್ದು ಹೀಗಿದೆ, ತಿದ್ದುವುದಿದ್ದರೆ ತಿದ್ದಿ: 'ದೀಪ ಕೆಟ್ಟಿತ್ತು. ಶಿಳ್ಳೆ ಬಂತು. ದೇಲಿಯೊ ತೊಂಬೊಲಿನಿ ಹಗ್ಗ ಬಿಟ್ಟರು. ಇವೊ ಸತ್ತ. ಎಲ್ಲರಿಗೂ ಕೇಳಿಸಿತ್ತು. ಶಿಳ್ಳೆ ಹಾಕಿದವರು ಇವರೇ.' ಕೊನೆಯ ಮಾತಿಗೆ ನಾನು ಗುಂಡಿಯ ಕಡೆ ಕೈ ತೋರಿಸಬೇಕು. ನಿನ್ನೆ ತೋರಿಸಿದೆ. ಅಲ್ಲಿ ಯಾರೂ ಇರಲಿಲ್ಲ. ಪ್ರವಾಸಿಗರು ನನ್ನನ್ನು ಹುಚ್ಚಿಯ ಹಾಗೆ ನೋಡಿದರು.

ಒಂದು ಸಲ ಬಂದು ಅತ್ತು ಹೋದರೆ ಮುಗಿಯಿತು ಎಂದುಕೊಂಡಿರಾ? ಅಪ್ಪ ಇಪ್ಪತ್ತಾರು ವರ್ಷ ಹೊತ್ತರು. ಫೋಸ್ಕಾ ಅಜ್ಜಿಯ ಮಹಡಿಯಲ್ಲಿ ಒಂದು ಕೋಣೆ ಖಾಲಿಯಿದೆ. ನಿಮ್ಮ ಹೆಸರಿಗೆ ಹಿಡಿದಿಟ್ಟಿದ್ದೇನೆ. ಕಿಟಕಿ ಶಾಲೆಯ ಬಯಲಿಗೆ ತೆರೆಯುತ್ತದೆ.

ಪ್ರತಿ ಶನಿವಾರ, ಮೂರು ಗಂಟೆಗೆ. ಚಳಿಗಾಲದಲ್ಲಿಯೂ.

ಕೈಗವಸು ಹಾಕಿಕೊಂಡು ಬರಬೇಡಿ.

ನಿವೆಸ್